ಮರಗಸಿಯನ್ನು ಗುತ್ತಿಗೆಗೆ ಕೊಡುವಾಗ

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟದಲ್ಲಿ ಚಿಗುರು ತೆಗೆಯುವುದು, ಗೊಬ್ಬರ, ಕಳೆ ಇವೆಲ್ಲ ಖಾಯಂ ಆಳುಗಳ ಕೈಯಲ್ಲೇ ಇರಲಿ. ಮಳೆ ಹಿಡಿಯುವುದರೊಳಗೆ ಮುಗಿಯಬೇಕಾದ, ಮರ ಹತ್ತಿ ಪಳಗಿದವರೇ ಬೇಕಾದ ಮರಗಸಿಯನ್ನು, ಅಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಕಡಿದು ಹದ ಮಾಡುವ ಕೆಲಸವನ್ನು, ಗುತ್ತಿಗೆಗೆ ಕೊಡಬಹುದು.

ಮೊದಲು ಗುತ್ತಿಗೆ ಹಿಡಿಯುವ ಗುಂಪಿನ ಮೇಸ್ತ್ರಿಯ ಜೊತೆ ತೋಟ ಸುತ್ತಿ, ಕಸಿ ಆಗಬೇಕಾದ ಮರಗಳಿಗೆ ಬಣ್ಣದ ಗುರುತು ಹಾಕಿ ಎಣಿಸಿ. ಮರಕ್ಕೆ ಇಷ್ಟೆಂದು ದರ ಮಾತಾಡಿ. ಸಿಲ್ವರ್ ಓಕ್ ಮರಕ್ಕೆ ಒಂದು, ಹರಡಿಕೊಂಡ ಕಾಡುಮರಕ್ಕೆ ಇನ್ನೊಂದು. ದಿನಗೂಲಿ ಲೆಕ್ಕ ಬೇಡ. ನೀವೇ ಹಾಜರಿ ಹಾಕಿ, ಕತ್ತಿ, ಹಗ್ಗ ಕೊಟ್ಟು, ದಿನಾ ಕೆಲಸ ಹಂಚುತ್ತಿದ್ದರೆ, ಚೀಟಿಯಲ್ಲಿ ಗುತ್ತಿಗೆ ಎಂದಿದ್ದರೂ ತಕರಾರು ಬಂದಾಗ ಅವರು ನಿಮ್ಮ ಆಳುಗಳೆಂದೇ ತೀರ್ಮಾನವಾಗಬಹುದು.

ಮರದ ಲೆಕ್ಕದಲ್ಲಿ ಬೇಗ ಮುಗಿಸಿದಷ್ಟೂ ಅವರಿಗೆ ಲಾಭ. ಹಾಗಾಗಿ ದಪ್ಪ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸದೆ ಕೆಡವುತ್ತಾರೆ, ಕೆಳಗಿನ ಕಾಫಿ ಗಿಡ ಸಿಗಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ನೆರಳು ಬೋಳಾಗುವುದು. ಅರೇಬಿಕಾದಲ್ಲಿ ಬಿಸಿಲು ಬೀಳುವ ಕಾಂಡವನ್ನೇ ಬಿಳಿ ಕಾಂಡಕೊರಕ ಹುಡುಕಿಕೊಂಡು ಬಂದು ಮೊಟ್ಟೆಯಿಡುತ್ತದೆ. ಹುಳು ಹಿಡಿದ ಗಿಡವನ್ನು ಕಿತ್ತು ಸುಡದೆ ದಾರಿಯಿಲ್ಲ. ಆದ್ದರಿಂದ ಮೊದಲ ಮರವನ್ನು ನಿಂತು ಕಸಿ ಮಾಡಿಸಿ. ಮಧ್ಯಾಹ್ನದ ಬಿಸಿಲು ತಡೆಯುವ ಪಶ್ಚಿಮದ ಕೊಂಬೆ ಉಳಿಯಲಿ. ಉಳಿದ ಮರಗಳಿಗೆಲ್ಲ ಅದೇ ಮಾದರಿ.

ಚೀಟಿಯಲ್ಲಿ ಮರಗಳ ಸಂಖ್ಯೆ, ದರ, ಮುಗಿಸುವ ದಿನಾಂಕ, ಬಿದ್ದ ಸೊಪ್ಪು ಸವರುವವರು ಯಾರು, ಮುರಿದ ಗಿಡಕ್ಕೆ ಎಷ್ಟು ಹಿಡಿಯುವುದು, ಸೌದೆ ಯಾರಿಗೆ ಎಂಬುದೆಲ್ಲ ಇರಲಿ. ಜಗಳ ಹೆಚ್ಚಾಗಿ ಸೌದೆಯದೇ. ಮುಂಗಡ ಒಟ್ಟು ಹಣದ ಕಾಲು ಭಾಗ ದಾಟದಿರಲಿ, ಇಲ್ಲದಿದ್ದರೆ ಪಕ್ಕದ ತೋಟದಲ್ಲಿ ಮುಂಗಡ ಸಿಕ್ಕ ದಿನ ಗುಂಪು ಅತ್ತ ಹೋಗುತ್ತದೆ. ಶೇ. 10ರಷ್ಟನ್ನು ಸೊಪ್ಪು ಸವರಿ ಮುಗಿಯುವವರೆಗೆ ಹಿಡಿದಿಡಿ. ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಕಡಿತ ಮಾಡಬೇಕಾದವರು ಮೇಸ್ತ್ರಿಯ ಪ್ಯಾನ್ ನಂಬರನ್ನು ಮೊದಲೇ ಪಡೆಯಿರಿ: ಪ್ಯಾನ್ ಇದ್ದರೆ ಶೇ. 1, ಇಲ್ಲದಿದ್ದರೆ ಶೇ. 20.

ಗುತ್ತಿಗೆದಾರನ ಆಳು ಮರದಿಂದ ಬಿದ್ದರೂ ಪರಿಹಾರವನ್ನು ತೋಟದ ಮಾಲೀಕರಿಂದ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಆಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡುವ ಹಕ್ಕು ಕಾಗದದ ಮೇಲಷ್ಟೇ ಸುಲಭ. ಮರ ಹತ್ತುವ ಪ್ರತಿಯೊಬ್ಬರೂ ವಿಮೆಯ ವ್ಯಾಪ್ತಿಗೆ ಬಂದ ಮೇಲೆಯೇ ಕೆಲಸ ಶುರುವಾಗಲಿ. ವಿದ್ಯುತ್ ತಂತಿಯ ಹತ್ತಿರದ ಮರಗಳನ್ನು ಪ್ರತ್ಯೇಕ ದಿನಕ್ಕಿಟ್ಟು, ಚಿಕ್ಕಮಗಳೂರಿನವರು ಮೆಸ್ಕಾಂಗೆ, ಹಾಸನದವರು ಸೆಸ್ಕ್‌ಗೆ ಬರೆದುಕೊಟ್ಟು ಲೈನ್ ಆಫ್ ಮಾಡಿಸಿ. ಅಲ್ಲಿಗೆ ಅಲ್ಯೂಮಿನಿಯಂ ಏಣಿ ತರಲೇಬೇಡಿ. ಮಳೆಯಲ್ಲಿ ತೊಗಟೆ ನೆನೆದ ದಿನ, ಗಡುವು ಎಷ್ಟೇ ಹತ್ತಿರವಿದ್ದರೂ, ಯಾರನ್ನೂ ಮರ ಹತ್ತಿಸಬೇಡಿ.