ಮಳೆಗಾಲ, ಒಂದೇ ಕೋಣೆ, ಹತ್ತು ಜನ

ಜುಲೈ ತಿಂಗಳಲ್ಲಿ ಆಗುಂಬೆ, ಕಳಸ, ಸಂಸೆ ಕಡೆ ಕ್ಲಬ್ಬಿನವರ ಜೊತೆ ನಕ್ಷೆ-ದಿಕ್ಸೂಚಿ ಹಿಡಿದು ದಾರಿ ಹುಡುಕುತ್ತಾ ಓಡುವ ಓರಿಯಂಟಿಯರಿಂಗ್‌ಗೆ ಹೊರಡುವವರು ಬೂಟು, ರೈನ್‌ಕೋಟು ಎಲ್ಲ ಜೋಡಿಸಿಕೊಳ್ಳುತ್ತಾರೆ. ಸಂಜೆ ಹತ್ತು ಜನ ತೊಪ್ಪೆಯಾಗಿ ಒಂದೇ ಹೋಂಸ್ಟೇ ಕೋಣೆಗೆ ನುಗ್ಗಿದರೆ ಮುಂದೇನು ಎಂಬ ಯೋಚನೆ ಮಾತ್ರ ಯಾರಿಗೂ ಇರುವುದಿಲ್ಲ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯಂಥ ಊರಲ್ಲಿ ಬಟ್ಟೆ ಒಣಗಿಸುವುದಕ್ಕಿಂತ, ಒಣಗಿರುವುದನ್ನು ಒಣಗಿದಂತೆ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ.

ಅದಕ್ಕೆ ಮೊದಲು ಒಂದು ಗಡಿ ಹಾಕಿ. ಮಡಿ-ಮೈಲಿಗೆ ನಂಬುವವರು ನಂಬಲಿ, ಬಿಡುವವರು ಬಿಡಲಿ, ಮಳೆಗಾಲದ ಮನೆಯಲ್ಲಿ ಒದ್ದೆಗೂ ಒಣಗಿದ್ದಕ್ಕೂ ಮಡಿ ಬೇಕೇ ಬೇಕು. ಜಗಲಿಯಿಂದ ಒಳಗೆ ಬೂಟಾಗಲಿ, ರೈನ್‌ಕೋಟಾಗಲಿ, ಹಸಿ ಚೀಲವಾಗಲಿ ಬರಕೂಡದು. ಹೊಸ್ತಿಲ ಹೊರಗೆ ಎರಡು ಗೋಣಿಚೀಲ ಹಾಸಿ. ಕಾಲೊರೆಸುವ ಒಂದು ಚೀಲ ಹತ್ತು ಜನರಿಗೆ ಸಾಲದು, ಮೂರನೆಯವರ ಹೊತ್ತಿಗೇ ಅದು ಕೆಸರುಗದ್ದೆ. ಪ್ರತಿಯೊಬ್ಬರೂ ಒಂದು ಒಣ ಜೊತೆ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ರಾತ್ರಿ ಮಾತ್ರ ಉಡಬೇಕು. ಬೆಳಿಗ್ಗೆ ಮತ್ತೆ ನಿನ್ನೆಯ ಹಸಿ ಬಟ್ಟೆಯನ್ನೇ ಹಾಕಿಕೊಳ್ಳಿ. ಮೈ ಜುಮ್ಮೆನ್ನುವುದು ಐದು ನಿಮಿಷ ಅಷ್ಟೇ, ಓಡಲು ಶುರು ಮಾಡಿದರೆ ಬೆಚ್ಚಗಾಗುತ್ತದೆ. ಅಯ್ಯೋ ಎಂದು ಒಣ ಜೊತೆ ಹಾಕಿಕೊಂಡು ಹೊರಟರೆ ರಾತ್ರಿಗೆ ಎರಡೂ ಒದ್ದೆ.

ಬಟ್ಟೆಯನ್ನು ಕೈಯಲ್ಲಿ ಹಿಂಡಿ ಹಗ್ಗಕ್ಕೆ ಎಸೆದರೆ ಬೆಳಗಿನವರೆಗೂ ತೊಟ್ಟಿಕ್ಕುತ್ತಲೇ ಇರುತ್ತದೆ. ಒಂದು ಒಣ ಟವಲ್ ಹಾಸಿ, ಅದರ ಮೇಲೆ ಅಂಗಿ ಹರಡಿ, ಎರಡನ್ನೂ ಬಿಗಿಯಾಗಿ ಸುತ್ತಿ ಮೇಲೆ ನಿಂತು ತುಳಿಯಿರಿ. ಅರ್ಧ ನೀರು ಟವಲ್ಲಿಗೆ ಹೋಗುತ್ತದೆ. ಮೂರು ನಾಲ್ಕು ಅಂಗಿಗೆ ಒಂದು ಟವಲ್ ಸಾಕು. ನೈಲಾನ್ ಹಗ್ಗವನ್ನು ಎರಡೆಳೆ ಮಾಡಿ ಹುರಿ ಹಾಕಿ ಕಟ್ಟಿದರೆ ಬಟ್ಟೆಯ ತುದಿಯನ್ನು ಆ ಹುರಿಯೊಳಗೇ ಸಿಕ್ಕಿಸಬಹುದು, ಕ್ಲಿಪ್ಪಿನ ಹಂಗಿಲ್ಲ. ಅಂಗಿಗೂ ಅಂಗಿಗೂ ಒಂದು ಗೇಣು ಸಂದು ಬಿಡಿ. ಕಿಟಕಿ ಪೂರ್ತಿ ಮುಚ್ಚಿದರೆ ಹತ್ತು ಜನರ ಉಸಿರೇ ಗೋಡೆಯಲ್ಲಿ ನೀರಾಗಿ ಇಳಿಯುತ್ತದೆ. ಎದುರುಬದುರು ಎರಡು ಕಿಟಕಿಗಳನ್ನು ನಾಲ್ಕು ಬೆರಳಷ್ಟು ತೆರೆದಿಡಿ. ಜೀನ್ಸ್ ತಂದವರಿಗೆ ಹೇಳುವುದೇನೂ ಇಲ್ಲ, ಅದು ಭಾನುವಾರಕ್ಕೂ ಒಣಗದು.

ಚಳಿ ಎಂದು ಬಾಣಲೆಯಲ್ಲಿ ಕೆಂಡ ತಂದು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಯಾರೂ ಮಲಗಬಾರದು. ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಬೆಂಕಿ ಬಚ್ಚಲ ಒಲೆಯಲ್ಲೇ ಇರಲಿ.

ಬೂಟನ್ನೂ ಆ ಒಲೆಯ ಬಾಯಿಗೆ ಇಡಬೇಡಿ. ಕಾವಿಗೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆಯುತ್ತದೆ, ಅದೂ ಮರುದಿನ ಗುಡ್ಡದ ನಡುವೆ. ಒಳ ಅಟ್ಟೆ ಹೊರಗೆ ತೆಗೆದು, ಲೇಸು ಸಡಿಲಿಸಿ, ಹಳೆಯ ಪೇಪರನ್ನು ಉಂಡೆ ಮಾಡಿ ಬೆರಳ ತುದಿಯವರೆಗೆ ತುರುಕಿ. ಮೊದಲ ಸಲ ಅರ್ಧ ಗಂಟೆಗೆ, ಆಮೇಲೆ ಮಲಗುವ ಮುನ್ನ ಬದಲಿಸಿ. ಒಂದು ಜೊತೆ ಬೂಟಿಗೆ ನಾಲ್ಕೈದು ಹಾಳೆಯಂತೆ ಲೆಕ್ಕ ಹಾಕಿ ಮನೆಯಿಂದಲೇ ಪೇಪರು ತನ್ನಿ.

ಸ್ನಾನಕ್ಕೆ ತಲಾ ಒಂದು ಬಕೆಟ್ಟು. ಹಂಡೆಯಿಂದ ಎಷ್ಟು ಬಿಸಿನೀರು ತೋಡಿದಿರೋ ಅಷ್ಟೇ ತಣ್ಣೀರನ್ನು ಆಗಲೇ ಸುರಿದು, ಒಲೆಗೆ ಒಂದು ಸೌದೆ ತಳ್ಳಿ ಬನ್ನಿ. ಈ ಒಂದು ಕೆಲಸ ಮರೆತರೆ ಆರನೆಯವರಿಗೆ ತಣ್ಣೀರೇ ಗತಿ. ಮಳೆಯಲ್ಲಿ ನಡುಗುತ್ತಿರುವವರು ಮೊದಲು, ಹಿರಿ-ಕಿರಿ ಲೆಕ್ಕ ಆಮೇಲೆ. ಕಾಲಲ್ಲಿ ಗಾಯವಿದ್ದವರು ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳಬೇಕು; ಗದ್ದೆ, ಹಳ್ಳದ ಕೆಸರು ನೀರಿನಿಂದ ಇಲಿಜ್ವರ ಹತ್ತುವುದುಂಟು. ಊರಿಗೆ ಹೋದ ಒಂದೆರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ ಕೆಸರಲ್ಲಿ ಓಡಾಡಿದ್ದನ್ನು ಹೇಳಿ.

ಉಂಬಳ (ಜಿಗಣೆ) ಕಚ್ಚಿದ್ದರೆ ಎಳೆಯಬೇಡಿ, ಬೆಂಕಿಕಡ್ಡಿಯಿಂದ ಸುಡಬೇಡಿ. ಸುಟ್ಟರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಸಪೂರ ಇರುವ ತುದಿಯೇ ಬಾಯಿ. ಅದರ ಪಕ್ಕದ ಚರ್ಮವನ್ನು ಒತ್ತಿ ಹಿಡಿದು ಉಗುರನ್ನು ಅಡಿಗೆ ಜಾರಿಸಿದರೆ ಹಿಡಿತ ಬಿಡುತ್ತದೆ, ಆಮೇಲೆ ಇನ್ನೊಂದು ತುದಿ. ರಕ್ತ ಹೆಪ್ಪುಗಟ್ಟದಂತೆ ಅದು ಜೊಲ್ಲು ಬಿಟ್ಟಿರುವುದರಿಂದ ತುಂಬ ಹೊತ್ತು ಸೋರುತ್ತದೆ, ಹೆದರಬೇಕಿಲ್ಲ. ತೊಳೆದು ಹತ್ತಿ ಒತ್ತಿ ಕಟ್ಟಿ. ಕೋಣೆಗೆ ಬರುವ ಮುನ್ನ ಸಾಕ್ಸನ್ನು ಜಗಲಿಯಲ್ಲೇ ತಿರುವಿ ನೋಡಿ, ಇಲ್ಲದಿದ್ದರೆ ರಾತ್ರಿ ಉಂಬಳ ಪಕ್ಕದವರ ಹಾಸಿಗೆಯಲ್ಲಿ.

ಬಂದವರಿಗೆ ಮೊದಲು ಕಷಾಯ. ಕೊತ್ತಂಬರಿ 100 ಗ್ರಾಂ, ಜೀರಿಗೆ 50, ಕಾಳುಮೆಣಸು 20, ಒಣಶುಂಠಿ 20 ಗ್ರಾಂ. ಹುರಿದು ಪುಡಿ ಮಾಡಿ ಡಬ್ಬಿಯಲ್ಲಿ ತಂದಿರಿ. ಹತ್ತು ಲೋಟಕ್ಕೆ ಒಂದೂವರೆ ಲೀಟರ್ ನೀರು, ನಾಲ್ಕು ಚಮಚ ಪುಡಿ, ಹಿಡಿಯಷ್ಟು ಬೆಲ್ಲ. ಹಾಲು ಹಾಕುವುದಾದರೆ ಒಲೆಯಿಂದ ಇಳಿಸಿದ ಮೇಲೆ, ಬೆಲ್ಲದ ಜೊತೆ ಕುದಿಸಿದರೆ ಒಡೆಯಬಹುದು.

ಊಟಕ್ಕೆ ಕಿಚಡಿಯಷ್ಟು ಸುಲಭದ್ದಿಲ್ಲ. ಅಕ್ಕಿ ಒಂದು ಕೆಜಿ, ಹೆಸರುಬೇಳೆ 300 ಗ್ರಾಂ, ನೀರು ಐದು ಲೀಟರ್. ಇಷ್ಟನ್ನು ಹತ್ತು ಲೀಟರಿನ ಕುಕ್ಕರಿನಲ್ಲಿ ಇಡುವ ಸಾಹಸ ಬೇಡ, ಬೇಳೆಯ ನೊರೆ ಉಕ್ಕಿ ಸೀಟಿಯ ದಾರಿ ಕಟ್ಟಿಕೊಳ್ಳುತ್ತದೆ. ದೊಡ್ಡ ಪಾತ್ರೆಯಲ್ಲಿ ಮೊದಲು ಬೇಳೆ ಅರ್ಧ ಬೇಯಲಿ, ಆಮೇಲೆ ಅಕ್ಕಿ. ಉಪ್ಪಿನಕಾಯಿ, ಹಪ್ಪಳ ಇದ್ದರೆ ಯಾರೂ ಬೇರೆ ಕೇಳುವುದಿಲ್ಲ.

ನಕ್ಷೆಯನ್ನು ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದರೆ ಮಳೆಗೆ ಬಣ್ಣ ಹರಡಿ ಹಳ್ಳ ಯಾವುದು, ದಾರಿ ಯಾವುದು ತಿಳಿಯದು. ಲೇಸರ್ ಮುದ್ರಣವೇ ಸರಿ. ರಾತ್ರಿ ಅದನ್ನು ಕವರಿನಿಂದ ಹೊರಗೆ ತೆಗೆದಿಡಿ, ಒಳಗಿನ ಪಸೆಗೆ ಕಾಗದ ಅಂಟಿಕೊಂಡುಬಿಡುತ್ತದೆ. ದಿಕ್ಸೂಚಿಯನ್ನು ಮೊಬೈಲಿನ ಜೊತೆ ಒಂದೇ ಜೇಬಿಗೆ ಹಾಕಬೇಡಿ. ಸ್ಪೀಕರಿನ ಅಯಸ್ಕಾಂತಕ್ಕೆ ಮುಳ್ಳು ತಿರುಗಿ ಉತ್ತರ ದಕ್ಷಿಣವಾಗಬಹುದು.

ಬಾಗಿಲ ಪಕ್ಕ ಒಂದು ಹಾಳೆ ಅಂಟಿಸಿ: ಹೆಸರು, ಹೊರಟ ಹೊತ್ತು, ಬಂದ ಹೊತ್ತು. ಅರ್ಧಕ್ಕೇ ಕೈಬಿಟ್ಟು ಬಂದವರೂ ಬರೆಯಬೇಕು. ಅವರು ಬರೆಯದೆ ಕಂಬಳಿ ಹೊದ್ದು ಮಲಗಿದರೆ ಉಳಿದವರು ಮಳೆಯಲ್ಲಿ ಹುಡುಕುತ್ತಾ ಇರುತ್ತಾರೆ. ಬೆಳಿಗ್ಗೆ ಬೇಗ ಹೊರಡುವವರು ಬಾಗಿಲ ಬಳಿ ಮಲಗಲಿ, ಗೊರಕೆಯವರು ಆ ಕಡೆ ಮೂಲೆಗೆ. ಕರೆಂಟು ಹೋಗಿಯೇ ಹೋಗುತ್ತದೆ, ಟಾರ್ಚು ತಲೆದಿಂಬಿನ ಕೆಳಗಿರಲಿ.

ಹೊರಡುವಾಗ ಹಸಿ ಬಟ್ಟೆ ಬೇರೆ ಚೀಲಕ್ಕೆ, ಮನೆ ಮುಟ್ಟಿದ ರಾತ್ರಿಯೇ ಬಿಚ್ಚಿ ನೀರಿಗೆ ಹಾಕಿ; ಎರಡು ದಿನ ಬಿಟ್ಟರೆ ಬೂಸಲು ಹಿಡಿದು ಕಪ್ಪು ಚುಕ್ಕೆ ಹೋಗುವುದಿಲ್ಲ. ಉರಿಸಿದ ಸೌದೆಯ ದುಡ್ಡನ್ನು ಮನೆಯಮ್ಮನ ಕೈಗೆ ಬೇರೆಯಾಗಿ ಕೊಡಿ, ಮಳೆಗಾಲದಲ್ಲಿ ಒಣ ಸೌದೆಗೆ ಅಕ್ಕಿಯಷ್ಟೇ ಬೆಲೆ.