ಹಳೆಯ ಎಂಜಿಬಿಯ ಕ್ರ್ಯಾಂಕ್‌ಕೇಸ್ ಗಾಳಿ: ಕರಾವಳಿಯಲ್ಲಿ ನಾನು ಸರಿಪಡಿಸಿಕೊಂಡ ಬಗೆ

ಮಳೆಗಾಲದಲ್ಲಿ ಮಂಗಳೂರು ಪೇಟೆಯೊಳಗೇ ಓಡುವ ಹಳೆಯ ಕಾರಿನ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಹಳದಿ ಮಿಶ್ರಿತ ಬಿಳಿ ಕೆನೆ ಅಂಟಿರುತ್ತದೆ. ನೋಡಿದವರು ಕೂಡಲೇ ಹೆಡ್ ಗ್ಯಾಸ್ಕೆಟ್ (ರೇಡಿಯೇಟರಿನ ನೀರು ಎಣ್ಣೆಗೆ ಸೇರದಂತೆ ತಡೆಯುವ ಹಾಳೆ) ಹೋಗಿದೆ ಎನ್ನುತ್ತಾರೆ. ರೇಡಿಯೇಟರಿನ ನೀರು ಇಳಿಯುತ್ತಿಲ್ಲ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಹೆಚ್ಚುಕಡಿಮೆ ಸಮ ಇದೆ ಎಂದಾದರೆ ಹೆಡ್ ಬಿಚ್ಚಲು ಹೋಗಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲೊಂದು ಪಾಲು ಪಿಸ್ಟನ್ ರಿಂಗ್ ದಾಟಿ ಕ್ರ್ಯಾಂಕ್‌ಕೇಸಿಗೆ, ಅಂದರೆ ಎಣ್ಣೆಯಿರುವ ಇಂಜಿನ್ನಿನ ಕೆಳಭಾಗಕ್ಕೆ, ಇಳಿಯುತ್ತದೆ. ಹಂಪನಕಟ್ಟೆಯಿಂದ ಕದ್ರಿಗೆ ಹೋಗುವಷ್ಟರಲ್ಲಿ ಎಣ್ಣೆ ಬಿಸಿಯೇ ಆಗಿರುವುದಿಲ್ಲ. ಆವಿಯನ್ನು ಎಳೆದು ಹೊರಹಾಕುವ ವ್ಯವಸ್ಥೆಯೂ ಕಟ್ಟಿಕೊಂಡಿದ್ದರೆ ಅದು ಅಲ್ಲೇ ತಣಿದು ಎಣ್ಣೆಯಲ್ಲಿ ಕಲೆಯುತ್ತದೆ.

ನನ್ನ ಕೈಯಲ್ಲಿರುವುದು 1967ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು, 1798 ಸಿಸಿ, ಎರಡು ಎಸ್‌ಯು ಕಾರ್ಬ್ಯುರೇಟರ್. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಬಿಎಂಸಿ ಕಂಪನಿಯ ಇದೇ ಬಿ-ಸೀರೀಸ್ ವಂಶದ್ದು. ಹಾಗಾಗಿ ಹಳೆಯ ಟ್ಯಾಕ್ಸಿಗಳಲ್ಲಿ ಕೈ ಪಳಗಿದ ಮೆಕ್ಯಾನಿಕ್‌ಗಳಿಗೆ ಈ ಬ್ಲಾಕ್ ಹೊಸದೇನಲ್ಲ. ಗಾಳಿಯ ದಾರಿ ಹೀಗಿದೆ: ಇಂಜಿನ್ನಿನ ನೆತ್ತಿಯ ರಾಕರ್ ಕವರಿನ ಮೇಲಿನ ಆಯಿಲ್ ಮುಚ್ಚಳದಲ್ಲಿ ಸಣ್ಣ ತೂತು, ಫಿಲ್ಟರ್ ಇವೆ; ಅಲ್ಲಿಂದ ಹೊಸ ಗಾಳಿ ಒಳಬಂದು ಪುಶ್‌ರಾಡ್ ತೂತುಗಳ ಮೂಲಕ ಇಳಿಯುತ್ತದೆ, ಬ್ಲಾಕಿನ ಎಡಬದಿಯ ಮುಂದಿನ ಸೈಡ್ ಕವರಿನಿಂದ ಹೊರಬಿದ್ದು, ಹೋಸ್ ಹಿಡಿದು, ಇನ್‌ಲೆಟ್ ಮ್ಯಾನಿಫೋಲ್ಡ್ ಮೇಲಿನ ಅಣಬೆಯಾಕಾರದ ಪಿಸಿವಿ ವಾಲ್ವ್ (ಈ ಗಾಳಿಯನ್ನು ಹದವಾಗಿ ಇಂಜಿನ್ನಿಗೇ ಬಿಡುವ ಕವಾಟ) ಸೇರುತ್ತದೆ. ಒಳಬರುವ ಗಾಳಿಗೆ ಮಿತಿ ಇರಬೇಕು, ಹೊರಹೋಗುವ ದಾರಿ ಪೂರ್ತಿ ತೆರೆದಿರಬೇಕು. ಆಗ ಮಾತ್ರ ಒಳಗೆ ಹಗುರವಾದ ಎಳೆತ ನಿಲ್ಲುತ್ತದೆ. ಆಯಿಲ್ ಸೀಲ್‌ಗಳು ಸೋರದಂತೆ ಕಾಯುವುದೂ ಈ ಎಳೆತವೇ.

ಸೈಡ್ ಕವರಿಗೆ ಬೆಸೆದ ಡಬ್ಬಿಯೊಳಗೆ ತಂತಿಯ ಜಾಲರಿ ಇದೆ. ಹೊರಗಿನಿಂದ ಅದು ಕಾಣುವುದಿಲ್ಲ, ಆದ್ದರಿಂದ ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್ ಇಳಿಸಿ ಕವರ್ ತೆಗೆದು, ಇಡೀ ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ಅಲುಗಾಡಿಸಿದಾಗ ಕಪ್ಪು ಗಷ್ಟು ಉದುರಿತು. ಸುರಿಯುವ ಸೀಮೆಎಣ್ಣೆ ತಿಳಿಯಾಗುವವರೆಗೆ ತೊಳೆದು, ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಬೇಕು. ಕವರನ್ನು ಹಿಡಿದಿರುವುದು ನಡುವಿನ ಒಂದೇ ಬೋಲ್ಟ್. ಸೋರುತ್ತದೆಂದು ಅದನ್ನು ಬಿಗಿದಷ್ಟೂ ತಗಡು ಬಾಗಿ ಅಂಚು ಎದ್ದು ಇನ್ನಷ್ಟು ಸೋರುತ್ತದೆ. ಹೊಸ ಕಾರ್ಕ್ ಗ್ಯಾಸ್ಕೆಟ್, ಬೋಲ್ಟಿನ ಕೆಳಗೆ ಹೊಸ ಸೀಲ್ ವಾಷರ್, ಹಗುರ ಕೈ: ಅಷ್ಟು ಸಾಕು.

ಹೋಸ್ ವಿಷಯದಲ್ಲಿ ಒಂದೇ ಮಾತು. ಹೀಟರ್ ಹೋಸ್ ಹಾಕಬೇಡಿ, ಎಣ್ಣೆಯ ಆವಿಗೆ ಅದು ಒಳಗಿಂದ ಊದಿ ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ಹೋಸ್ ಬೇಕು.

ಪಿಸಿವಿ ವಾಲ್ವಿನ ಮೇಲಿನ ತಂತಿ ಕ್ಲಿಪ್ ತೆಗೆದರೆ ಮುಚ್ಚಳ, ರಬ್ಬರ್ ಡಯಾಫ್ರಮ್, ಸೂಜಿ, ಸ್ಪ್ರಿಂಗ್ ಇದೇ ಕ್ರಮದಲ್ಲಿ ಕೈಗೆ ಬರುತ್ತವೆ. ಲೋಹದ ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯಿರಿ. ಗಟ್ಟಿ ಕಿಟ್ಟ ಇದ್ದರೆ ಮೊದಲು ಕುದಿಯುವ ನೀರಿನಲ್ಲಿಡಿ, ಎಮರಿ ಪೇಪರ್ ಮುಟ್ಟಿಸಬೇಡಿ. ಡಯಾಫ್ರಮ್‌ಗೆ ಪೆಟ್ರೋಲ್ ತಾಗಿಸದೆ ಸೋಪಿನ ನೀರು ಬಳಸಿ. ಬೆಳಕಿಗೆ ಹಿಡಿದು ಹಗುರವಾಗಿ ಎಳೆದು ನೋಡಿ. ಕೂದಲೆಳೆಯ ಬಿರುಕು ಇದ್ದರೂ ಬದಲಿಸಬೇಕು. ಅದು ಹರಿದರೆ ಮ್ಯಾನಿಫೋಲ್ಡಿನ ಪೂರ್ತಿ ವ್ಯಾಕ್ಯೂಮ್ ಕ್ರ್ಯಾಂಕ್‌ಕೇಸಿಗೆ ಬಿದ್ದು ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ.

ಆಯಿಲ್ ಮುಚ್ಚಳ ಚಿಕ್ಕ ವಸ್ತು, ಆದರೆ ಹೆಚ್ಚು ಕಾರುಗಳು ಕೆಡುವುದು ಇಲ್ಲೇ. ಹೊಳೆಯುವ ಕ್ರೋಮ್ ಮುಚ್ಚಳಗಳಲ್ಲಿ ಬಹಳಷ್ಟಕ್ಕೆ ತೂತೇ ಇರುವುದಿಲ್ಲ. ಹಾಕಿದರೆ ಹೊಸ ಗಾಳಿ ನಿಂತೇಹೋಗುತ್ತದೆ. ಕೊಳ್ಳುವಾಗ ತೂತಿನ ಮೂಲಕ ಬಾಯಿಂದ ಊದಿ ನೋಡಿ: ಗಾಳಿ ಹೋಗಬೇಕು, ಆದರೆ ತಡೆದು ಹೋಗಬೇಕು. ಫಿಲ್ಟರ್ ಬೇರೆ ಸಿಗುವುದಿಲ್ಲ. 12,000 ಮೈಲಿಗೊಮ್ಮೆ, ಅಂದರೆ ಸುಮಾರು 19,000 ಕಿ.ಮೀ.ಗೆ, ಇಡೀ ಮುಚ್ಚಳವನ್ನೇ ಬದಲಿಸುವುದು ಕ್ರಮ.

ಇಷ್ಟಾದ ಮೇಲೆ ಅಳೆದು ನೋಡಲೇಬೇಕು. ಗಾರೆ ಮೇಸ್ತ್ರಿಗಳ ಪಾರದರ್ಶಕ ಲೆವೆಲ್ ಪೈಪ್ ಎರಡು ಮೀಟರ್ ಸಾಕು. ಅದನ್ನು 'ಯು' ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ರಬ್ಬರ್ ಬುಷ್ ಮೂಲಕ ಡಿಪ್‌ಸ್ಟಿಕ್ ತೂತಿಗೆ ಸಿಕ್ಕಿಸಿ. ಇಂಜಿನ್ ಚೆನ್ನಾಗಿ ಕಾದು, ಆಕ್ಸಿಲರೇಟರ್ ಮುಟ್ಟದೆ ಸ್ಲೋ ಸ್ಪೀಡಿನಲ್ಲಿರುವಾಗ ಇಂಜಿನ್ ಕಡೆಯ ನೀರು ಮೇಲೇರಬೇಕು. ಎರಡು ಮಟ್ಟಗಳ ನಡುವೆ 25ರಿಂದ 75 ಮಿ.ಮೀ. ವ್ಯತ್ಯಾಸವಿದ್ದರೆ ನಾನು ತೃಪ್ತ. ನೀರು ಸರ್ರನೆ ಏರತೊಡಗಿದರೆ ಪೈಪ್ ಕೂಡಲೇ ಕಿತ್ತುಬಿಡಿ, ಇಲ್ಲವಾದರೆ ನೀರು ಎಣ್ಣೆಯ ಚೇಂಬರಿಗೇ ಹೋಗುತ್ತದೆ. ಆಗ ಡಯಾಫ್ರಮ್ ಅಥವಾ ಮುಚ್ಚಳವನ್ನು ಅನುಮಾನಿಸಿ. ನೀರು ಹೊರಮುಖವಾಗಿ ತಳ್ಳಲ್ಪಟ್ಟರೆ ಸೈಡ್ ಕವರಿನಿಂದ ಹೋಸ್ ಕಳಚಿ, ಹೋಸಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ. ಒತ್ತಡ ಸೊನ್ನೆಗೆ ಇಳಿದರೆ ದೋಷ ಹೋಸಿನಲ್ಲಿ ಇಲ್ಲವೇ ವಾಲ್ವಿನಲ್ಲಿದೆ. ಇಳಿಯದಿದ್ದರೆ ಜಾಲರಿ ಇನ್ನೂ ಕಟ್ಟಿದೆ. ಜಾಲರಿ ಶುದ್ಧವಿದ್ದೂ ಕವರಿನ ಪೈಪಿನಿಂದ ಪುಸ್ ಪುಸ್ ಎಂದು ಹೊಗೆ ಜೋರಾಗಿ ಬಂದರೆ ರಿಂಗ್ ಸವೆದಿದೆ. ಅದಕ್ಕೆ ಯಾವ ವಾಲ್ವೂ ಮದ್ದಲ್ಲ.

ಪೈಪ್ ಇಲ್ಲದವರಿಗೆ ಸುಲಭದ ಪರೀಕ್ಷೆಯೊಂದಿದೆ: ಬಿಸಿ ಇಂಜಿನ್ ಸ್ಲೋ ಸ್ಪೀಡಿನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದರೆ ವೇಗ ಸುಮಾರು 200 ಆರ್‌ಪಿಎಂ ಏರುವುದು ಕಿವಿಗೇ ಕೇಳಬೇಕು. ಏನೂ ಬದಲಾಗದಿದ್ದರೆ ವಾಲ್ವ್ ಸಿಕ್ಕಿಕೊಂಡಿದೆ.

ಈ ಗಾಳಿಯೂ ಇಂಜಿನ್ ಸೇದುವ ಗಾಳಿಯೇ ಆದ್ದರಿಂದ ಕೊನೆಯಲ್ಲಿ ಮಿಕ್ಸ್ಚರ್ (ಗಾಳಿ-ಪೆಟ್ರೋಲಿನ ಪ್ರಮಾಣ) ಹೊಸದಾಗಿ ಕೂರಿಸಬೇಕು. ಎಸ್‌ಯು ಕಾರ್ಬ್ಯುರೇಟರಿನ ಒಳಗಿನ ಪಿಸ್ಟನ್ನನ್ನು 0.8 ಮಿ.ಮೀ. ಎತ್ತಿದಾಗ ವೇಗ ಕ್ಷಣಕಾಲ ಏರಿ ಮತ್ತೆ ನಿಂತರೆ ಸರಿ.

ಇಷ್ಟೆಲ್ಲ ಬೇಡವೆಂದು ಸೈಡ್ ಕವರಿಗೆ ಪುಟ್ಟ ಬ್ರೀದರ್ ಫಿಲ್ಟರ್ ಸಿಕ್ಕಿಸಿ ಬಿಡುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ಎಳೆತವೇ ಇಲ್ಲದಿದ್ದರೆ ಆವಿ ಒಳಗೇ ಉಳಿಯುತ್ತದೆ, ಸೀಲ್‌ಗಳು ಬೆವರುತ್ತವೆ, ಹೊಗೆಯ ವಾಸನೆ ಕಾರಿನೊಳಗೆ ಬರುತ್ತದೆ. ಸೆಕೆಯ ಊರೆಂದು ಥರ್ಮೋಸ್ಟಾಟ್ ಕಿತ್ತುಹಾಕುವುದೂ ಅಷ್ಟೇ ತಪ್ಪು. ಇಂಜಿನ್ ಕಾಯದೆ ಎಣ್ಣೆಗೆ ಸೇರಿದ ನೀರು ಆವಿಯಾಗಿ ಹೋಗುವುದಿಲ್ಲ. ಬಿಸಿ ಊರುಗಳಿಗೆಂದೇ 74 ಡಿಗ್ರಿಯದು ಇದೆ, ಅದನ್ನು ಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಉಡುಪಿಯವರೆಗೆ ಹೆದ್ದಾರಿ 66ರಲ್ಲಿ ಬಿಡದೆ ಓಡಿಸಿ.

ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ, ಪಿಸಿವಿ ವಾಲ್ವಿನಿಂದ ಹೋಸ್ ಕಳಚಿ ವಾಲ್ವಿನ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚಿ, ಕವರಿನ ಕಡೆಯದನ್ನು ತೆರೆದಿಟ್ಟು ಇನ್ನೊಂದು ಇಳಿಜಾರಿನಲ್ಲಿ ನೋಡಿ. ಹೊಗೆ ನಿಂತರೆ ಡಯಾಫ್ರಮ್ ಬದಲಿಸಿ. ನಿಲ್ಲದಿದ್ದರೆ ಸಿಲಿಂಡರ್ ಹೆಡ್ಡಿನ ವಾಲ್ವ್ ಗೈಡ್ ಮತ್ತು ವಾಲ್ವ್ ಸೀಲ್ ನೋಡಿಸಿ.