ತಲೆಯಾಡಿಸಿದಳು ಅಂದರೆ ಹೌದೋ ಇಲ್ಲವೋ?

ಬಹಳ ಹಿಂದೆ ಒಂದು ಇಂಗ್ಲಿಷ್ ಕತೆ ಅನುವಾದ ಮಾಡುತ್ತಿದ್ದೆ. ಹುಡುಗ ಕೇಳುತ್ತಾನೆ, 'ನನ್ನ ಜೊತೆ ಬರ್ತೀಯಾ?' ಮೂಲದಲ್ಲಿ ಹುಡುಗಿ ಮಾಡಿದ್ದು 'ಶೇಕ್'. ನಾನು ಹಿಂದೆ ಮುಂದೆ ನೋಡದೆ 'ಅವಳು ತಲೆಯಾಡಿಸಿದಳು' ಎಂದು ಬರೆದು ಮುಂದಿನ ಸಾಲಿಗೆ ಹೋದೆ. ಕರಡು ತಿದ್ದುವವರು ಫೋನ್ ಮಾಡಿದರು. 'ಅಲ್ರೀ, ಬರ್ತೀನಿ ಅಂದವಳು ಮುಂದಿನ ಪುಟದಲ್ಲಿ ಒಬ್ಬಳೇ ರೈಲು ಹತ್ತಿದ್ದಾಳಲ್ಲ? ಮಧ್ಯ ಒಂದು ಹಾಳೆ ಬಿಟ್ಟುಹೋಗಿದೆಯಾ?' ಹಾಳೆ ಬಿಟ್ಟುಹೋಗಿರಲಿಲ್ಲ. ಬಿಟ್ಟುಹೋಗಿದ್ದು ಒಂದು ಪದ, 'ಅಡ್ಡಡ್ಡ'.

ಅವತ್ತಿನಿಂದ ಯಾವ ಭಾಷೆಯಲ್ಲೇ ಆಗಲಿ, ತಲೆ ಅಲುಗಾಡಿದ ಕಡೆ ನಾನು ಪೆನ್ನು ಕೆಳಗಿಡುತ್ತೇನೆ. ಅನುವಾದ, ಸಬ್‌ಟೈಟಲ್ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳಿಕೊಡುವುದು ಇಷ್ಟು.

ಮೊದಲು, ಮೂಲದ ಪದ ಏನನ್ನು ಹೇಳುತ್ತಿದೆ ನೋಡಿ. ತಲೆ ಹೇಗೆ ಆಡಿತು ಅಂತಲೋ, ಯಾಕೆ ಆಡಿತು ಅಂತಲೋ? ಇಂಗ್ಲಿಷಿನವರಿಗೆ ಇದು ಸುಲಭ. ನಾಡ್ ಅಂದರೆ ಮೇಲೆ ಕೆಳಗೆ, ಶೇಕ್ ಅಂದರೆ ಅಡ್ಡಡ್ಡ. ಅರ್ಥವೂ ಅದರ ಜೊತೆಗೇ ಬಂತು. ನಮ್ಮ 'ತಲೆಯಾಡಿಸು' ಹೇಳುವುದು ತಲೆ ಆಡಿತು ಅಂತ, ಅಷ್ಟೇ. ಹಿಂದಿಯ 'ಸಿರ್ ಹಿಲಾನಾ' ಕೂಡ ಹಾಗೇ. ಟರ್ಕಿ ಭಾಷೆಯಲ್ಲೂ ತಲೆ ಸುಮ್ನೆ 'ಆಡುತ್ತದೆ'. ಇಲ್ಲ ಅನ್ನಬೇಕಾದರೆ 'ಇಕಿ ಯಾನಾ', ಅಂದರೆ ಎರಡೂ ಪಕ್ಕಕ್ಕೆ ಅಂತ ಸೇರಿಸುತ್ತಾರೆ. ಫ್ರೆಂಚರ 'ಓಷೆ' ಎಂಬ ಕ್ರಿಯಾಪದಕ್ಕೂ ಇದೇ ತೊಂದರೆ. ಹಾಗಾಗಿ ಎಚ್ಚರಿಕೆಯಿಂದ ಬರೆಯುವವರು 'ಮೇಲಿಂದ ಕೆಳಕ್ಕೆ' ಅಥವಾ 'ಬಲದಿಂದ ಎಡಕ್ಕೆ' ಅಂತ ಜೋಡಿಸುತ್ತಾರೆ. ಸ್ಪ್ಯಾನಿಷ್ ಪೂರ್ತಿ ಉಲ್ಟಾ. 'ತಲೆಯಿಂದ ಒಪ್ಪಿದ', 'ತಲೆಯಿಂದ ನಿರಾಕರಿಸಿದ' ಅಂದುಬಿಡುತ್ತದೆ. ತಲೆ ಯಾವ ಕಡೆ ಹೋಯಿತು ಅನ್ನುವುದು ಓದುವವರ ಪಾಡು.

ಚೀನೀ ಭಾಷೆಯಲ್ಲಿ ಹೌದು ಅಂತ ತಲೆಯಾಡಿಸುವುದಕ್ಕೆ 'ತಲೆಯಿಂದ ಚುಕ್ಕೆ ಇಡು' ಎಂಬಂಥ ಪದ ಇದೆ. ಒಮ್ಮೆ ಕೇಳಿದ ಮೇಲೆ ಕಣ್ಣಿಗೆ ಕಟ್ಟಿಬಿಡುತ್ತದೆ, ಅಲ್ವಾ? ಜಪಾನಿನವರು ಆಡಿಸುವುದು ತಲೆಯನ್ನಲ್ಲ, 'ಕುಬಿ'ಯನ್ನು, ಅಂದರೆ ಕತ್ತನ್ನು. ಕತ್ತು ಉದ್ದಕ್ಕೆ ಆಡಿದರೆ ಒಪ್ಪಿಗೆ, ಅಡ್ಡಕ್ಕೆ ಆಡಿದರೆ ಇಲ್ಲ, ಓರೆಯಾದರೆ ಅನುಮಾನ. ಆದರೆ ಅವರು ಮಾತು ಕೇಳುತ್ತಾ ಕೇಳುತ್ತಾ ಕತ್ತಾಡಿಸುತ್ತಲೇ ಇರುತ್ತಾರೆ. ಅದು ಒಪ್ಪಿಗೆ ಅಲ್ಲ, 'ಕೇಳಿಸ್ಕೊಳ್ತಾ ಇದೀನಿ, ಮುಂದೆ ಹೇಳಿ' ಅಂತ. ಅಲ್ಲಿ 'ಒಪ್ಪಿದ' ಅಂತ ಬರೆದರೆ ಕತೆ ಕೆಟ್ಟಿತು. ಕತೆ ಕೇಳುವ ಮಗು ಮಾಡುವ ಕೆಲಸಕ್ಕೆ ನಮ್ಮಲ್ಲೇ ಪದ ಇದೆಯಲ್ಲ, 'ಹೂಂಗುಟ್ಟು'. ಅದನ್ನೇ ಹಾಕಿ.

ಆಮೇಲೆ ಕನ್ನಡದ ಪದ ಆರಿಸಿ. ನಮ್ಮಲ್ಲಿ ಪದಗಳಿಗೆ ಬರ ಇಲ್ಲ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. 'ತಲೆದೂಗು' ಮೆಚ್ಚುಗೆಗೆ. 'ನೀರು ಬೇಕಾ' ಅಂತ ಕೇಳಿದರೆ ಯಾರೂ ತಲೆದೂಗುವುದಿಲ್ಲ. ಹಾಡು ಕೇಳಿದವರು ತೂಗುತ್ತಾರೆ. 'ಗೋಣು ಹಾಕಿದ' ಅಂದರೆ ಒಪ್ಪಿದ ಸರಿ, ಆದರೆ ಸ್ವಂತ ಬುದ್ಧಿ ಉಪಯೋಗಿಸದೆ ಒಪ್ಪಿದ ಅನ್ನುವ ಚುಚ್ಚು ಅದರಲ್ಲಿದೆ. 'ಕೋಲೆಬಸವನ ಹಾಗೆ' ಅಂತ ಸೇರಿಸಿದರಂತೂ ಮರ್ಯಾದೆಯೇ ಹೋಯಿತು. ಒಂದು ಕಾದಂಬರಿಯ ಅನುವಾದದಲ್ಲಿ ನ್ಯಾಯಾಧೀಶರು ಗೋಣು ಹಾಕಿದ್ದನ್ನು ಓದಿದ್ದೇನೆ, ಪಾಪ! 'ತಲೆ ಕೊಡವು' ಅಂದರೆ ಜೋರು ಬೇಕು: ಸಿಟ್ಟು, ಬೇಡದ ನೆನಪು, ಕೂದಲಿನ ನೀರು. ಇನ್ನು ಇಂಗ್ಲಿಷಿನ 'ನಾಡ್ ಆಫ್' ಕಂಡು ಯಾರಿಗಾದರೂ ಒಪ್ಪಿಗೆ ಕೊಡಿಸಬೇಡಿ. ಅದು ತೂಕಡಿಕೆ.

'ಎಂಬಂತೆ' ಅನ್ನುವುದು ಅನುವಾದಕರ ಕಾಯಿಲೆ. 'ಹೌದೆಂಬಂತೆ ತಲೆಯಾಡಿಸಿದ', 'ಇಲ್ಲವೆಂಬಂತೆ ತಲೆಯಾಡಿಸಿದ', 'ಬೇಡವೆಂಬಂತೆ ತಲೆಯಾಡಿಸಿದ'. ಒಂದು ಪುಟದಲ್ಲಿ ಒಂದು ಸಲ ಆದರೆ ಸರಿ. ಮೂರು ಸಲ ಬಂದರೆ ಪಾತ್ರಗಳೆಲ್ಲ ಸ್ಪ್ರಿಂಗ್ ಬೊಂಬೆಗಳಾಗುತ್ತವೆ. 'ಸಮ್ಮತಿಸೂಚಕವಾಗಿ' ಇನ್ನೂ ಕಷ್ಟ, ಅದನ್ನು ಓದಿ ಮುಗಿಸುವಷ್ಟರಲ್ಲಿ ತಲೆ ಆಡಿ ನಿಂತಿರುತ್ತದೆ. ಎಷ್ಟೋ ಸಲ 'ಹೂಂ ಅಂದ', 'ಉಹೂಂ ಅಂದಳು' ಸಾಕು.

ಮೂರನೆಯದು, ಪಾತ್ರ ಯಾವ ದೇಶದ್ದು ನೋಡಿ. ಬಲ್ಗೇರಿಯಾದಲ್ಲಿ ರೂಢಿಯಂತೆ ಅಡ್ಡಡ್ಡ ಆಡಿದರೆ ಹೌದು, ಮೇಲಕ್ಕೆ ಎತ್ತಿದರೆ ಇಲ್ಲ. 1877-78ರ ರಷ್ಯ-ಟರ್ಕಿ ಯುದ್ಧದಲ್ಲಿ ಅಲ್ಲಿಗೆ ಹೋದ ರಷ್ಯದ ಸೈನಿಕರ ಫಜೀತಿಯನ್ನು ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್ 1972ರ ಲೇಖನವೊಂದರಲ್ಲಿ ಹೇಳಿದ್ದಾರೆ. ಸೈನಿಕರು ಊರವರ ಹಾಗೆ ತಲೆಯಾಡಿಸಲು ಕಲಿತರೂ ಗೋಜಲು ಬಿಡಲಿಲ್ಲ. ಇವನು ಈಗ ಆಡಿಸಿದ್ದು ತನ್ನ ಲೆಕ್ಕದಲ್ಲೋ ನಮ್ಮ ಲೆಕ್ಕದಲ್ಲೋ ಅಂತ ಊರವರಿಗೆ ಗೊತ್ತಾಗಬೇಕಲ್ಲ!

ಗ್ರೀಕರದೂ ಹೀಗೇ. ಹುಬ್ಬು ಏರಿಸಿ ತಲೆ ಹಿಂದಕ್ಕೆ ಎತ್ತಿದರೆ ಇಲ್ಲ ಅಂತ. ಇದು ಹಳೆಯ ರೂಢಿ. ಹೋಮರನ ಮಹಾಕಾವ್ಯ ಇಲಿಯಡ್‌ನ ಆರನೇ ಭಾಗದಲ್ಲಿ ಟ್ರಾಯ್‌ನ ಹೆಂಗಸರು ಬೇಡಿಕೊಂಡಾಗ ಅಥೀನಾ ದೇವಿ ಮಾಡುವುದೂ ಇದನ್ನೇ, ಕ್ರಿಯಾಪದಕ್ಕೆ 'ತಲೆ ಮೇಲಕ್ಕೆತ್ತು' ಎಂದೇ ಅರ್ಥ. ಆದರೆ ಕನ್ನಡದಲ್ಲಿ 'ದೇವಿ ತಲೆಯೆತ್ತಿದಳು' ಅಂದರೆ? ವರ ಕೊಡೋಕೆ ಎದ್ದಳು ಅನ್ನಿಸುತ್ತದೆ. ಇಂಥ ಕಡೆ ಚಲನೆ, ಅರ್ಥ ಎರಡನ್ನೂ ಕೊಡಿ: 'ಆಗದು ಅಂತ ತಲೆ ಹಿಂದಕ್ಕೆ ಎತ್ತಿದಳು'. ಒಮ್ಮೆ ಹೇಳಿದರೆ ಸಾಕು, ಆಮೇಲೆ ಓದುಗರು ನೆನಪಿಟ್ಟುಕೊಳ್ಳುತ್ತಾರೆ.

ಸಬ್‌ಟೈಟಲ್‌ನಲ್ಲಿ ಈ ಕಷ್ಟ ಕಡಿಮೆ. ತಲೆ ತೆರೆಯ ಮೇಲೇ ಕಾಣುತ್ತದೆ, ನೀವು ಸುಮ್ಮನಿರಬಹುದು. ಬಲ್ಗೇರಿಯಾದ ಸಿನಿಮಾ ಆದರೆ ಮಾತ್ರ ಕೆಳಗೆ 'ಹೂಂ' ಅಂತ ಹಾಕಿ. ಕಣ್ಣು ಕಾಣದವರಿಗೆ ದೃಶ್ಯ ವಿವರಿಸುವಾಗ ಮಾತ್ರ ಚಲನೆಯನ್ನೂ ಹೇಳಲೇಬೇಕು. 2023ರಲ್ಲಿ ತಲೆಯಾಡಿಸುವ ಎರಡು ಇಮೋಜಿ ಬಂದವು. ಅವಕ್ಕೆ ಹೌದು, ಇಲ್ಲ ಅಂತ ಹೆಸರಿಟ್ಟಿಲ್ಲ. ಅಡ್ಡಕ್ಕೆ ಆಡುವ ತಲೆ, ಉದ್ದಕ್ಕೆ ಆಡುವ ತಲೆ, ಅಷ್ಟೇ. ಜಾಣರು.

ಆ ರೈಲಿನ ಹುಡುಗಿಯ ವಿಷಯ ಬಾಕಿ ಇದೆ. ಫೋನ್ ಇಟ್ಟ ತಕ್ಷಣ 'ಅವಳು ಉಹೂಂ ಅಂದಳು' ಎಂದು ತಿದ್ದಿ ಕಳಿಸಿದೆ. ಸಂಜೆ ಮತ್ತೆ ಫೋನ್. 'ಮೂಲದಲ್ಲಿ ಆ ಪುಟ ಪೂರ್ತಿ ಅವಳು ಬಾಯಿ ಬಿಡೋದೇ ಇಲ್ಲ ಕಣ್ರೀ.' ಅವರು ಹೇಳಿದ್ದು ಸರಿ ಇತ್ತು. ಕೊನೆಗೆ ಅಚ್ಚಾಗಿದ್ದು ಹೀಗೆ: 'ಅವಳು ಮಾತಾಡಲಿಲ್ಲ. ತಲೆ ಮಾತ್ರ ಮೆಲ್ಲಗೆ ಅಡ್ಡಡ್ಡ ಆಡಿತು.'